ಮನೆಯವರ ನಂಬರು

ರಶ್ಮಿತಾಳ ಅಂಗಡಿ ನಾಪೋಕ್ಲು ಬಸ್ ಸ್ಟ್ಯಾಂಡಿನ ಎದುರಿಗೇ ಇದೆ. ಪಹಣಿ, ಕರೆಂಟ್ ಬಿಲ್ಲು, ಆಧಾರ್ ಪ್ರಿಂಟು ಎಲ್ಲವೂ ಅಲ್ಲಿ ಆಗುತ್ತದೆ. ಕೌಂಟರಿಗೂ ಬೆಂಚಿಗೂ ನಡುವೆ ಒಂದು ಮೊಳ ಜಾಗವಿಲ್ಲ. ಕೌಂಟರಿನಲ್ಲಿ ನಿಂತವರು ಹೆಸರು, ಹುಟ್ಟಿದ ತಾರೀಖು, ಜಾತಿ ಹೇಳಿದರೆ ಬೆಂಚಿನವರಿಗೆಲ್ಲ ಕೇಳಿಸುತ್ತದೆ. ಇಲ್ಲಿಗೆ ಬರುವುದನ್ನು ನಾನು ಮುಂದೂಡುತ್ತಲೇ ಇದ್ದೆ.

ನನ್ನ ಗಂಡ ಕೀರ್ತಿಕುಮಾರ ಶನಿವಾರಸಂತೆಯಲ್ಲಿ ಶುಂಠಿ ವ್ಯಾಪಾರಿ. ನಾನು ಎಲ್ಲಿದ್ದೇನೆಂದು ಅವನಿಗೆ ಗೊತ್ತಿಲ್ಲ, ಗೊತ್ತಾಗಬಾರದು. ಹೋದ ಮಳೆಗಾಲದಲ್ಲಿ ಅವನು ನನ್ನನ್ನು ಶುಂಠಿ ಗೋದಾಮಿನೊಳಗೆ ತಳ್ಳಿ, ಬೀಗ ಹಾಕಿ, ಲೋಡು ತೆಗೆದುಕೊಂಡು ಹಾಸನಕ್ಕೆ ಹೋಗಿದ್ದ. ಮರುದಿನ ಹಮಾಲಿಯೊಬ್ಬ ಬಾಗಿಲು ತೆರೆದಾಗ ಮನೆಗೆ ಹೋಗಿ ಆಧಾರ್ ಕಾರ್ಡು, ಡಿಗ್ರಿ ಸರ್ಟಿಫಿಕೇಟು ಎತ್ತಿಕೊಂಡು ಬಸ್ಸು ಹತ್ತಿದ್ದೆ. ಈಗ ಇಲ್ಲಿನ ಅಪ್ಪಯ್ಯನವರ ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ. ಕೆಲಸದವರ ಹಾಜರಿ, ಪಿಕಿಂಗ್ ತೂಕ ಬರೆಯುತ್ತೇನೆ.

"ವಿನುತಾ, ಲೈನ್ ಮನೆಯಲ್ಲಿರೋ ಅಸ್ಸಾಮಿನ ಕೆಲಸದವರದ್ದೇ ಆಧಾರಿಗೆ ಪಿ.ಎಫ್. ಲಿಂಕ್ ಆಯ್ತು. ನಿಮ್ಮದೆಂತ ಕಷ್ಟ?" ಎಂದು ಅಪ್ಪಯ್ಯನವರು ಹಿಂದಿನ ದಿನ ಕೇಳಿದ್ದರು. "ಮುಚ್ಚಿಡೋರನ್ನ ಕಂಡ್ರೆ ನನಗೆ ಆಗೋದಿಲ್ಲ. ಈ ವಾರ ಮಾಡ್ಸಿ, ಇಲ್ಲಾಂದ್ರೆ ಬೇರೆ ರೈಟರ್ ನೋಡ್ತೇನೆ."

ನನ್ನ ಆಧಾರ್ ಕಾರ್ಡಿಗೆ ಜೋಡಿಸಿದ್ದ ಮೊಬೈಲ್ ನಂಬರು ಕೀರ್ತಿಕುಮಾರನದು. ಮದುವೆಯಾದ ವರ್ಷ ಅವನೇ ಅದನ್ನು ಹಾಕಿಸಿದ್ದ. ಅದನ್ನು ಬದಲಾಯಿಸುವುದು ಹೇಗೆ ಎಂದು ಮೊದಲು ಕೇಳಬೇಕು, ಬೇರೇನೂ ಹೇಳಬಾರದು ಎಂದು ತೀರ್ಮಾನಿಸಿಕೊಂಡೇ ಹೋಗಿದ್ದೆ. ಪಿ.ಎಫ್. ಎನ್ನುವಷ್ಟರಲ್ಲೇ ರಶ್ಮಿತಾ ಕಾರ್ಡು ಇಸಿದುಕೊಂಡಳು, ಈಗಿನ ವಿಳಾಸ ಕೇಳಿ ಟೈಪ್ ಮಾಡಿದಳು, ಕಂಪ್ಯೂಟರಿನಲ್ಲಿ ಏನೋ ಒತ್ತಿದಳು.

"ಒಟಿಪಿ ಹೋಯ್ತು ಅಕ್ಕ. ಹೇಳಿ."

"ಹೋಯ್ತಾ? ಯಾಕೆ ಕಳಿಸಿದ್ರಿ? ನನಗೆ ನಂಬರ್ ಬದಲಾಯಿಸಬೇಕಿತ್ತು."

"ಅದು ಇಲ್ಲಿ ಆಗೋದಿಲ್ಲ. ಮಡಿಕೇರಿಗೆ ಹೋಗಿ ಬೆರಳು ಕೊಡ್ಬೇಕು, ಟೋಕನ್ ತಗೊಂಡು ಸಾಯ್ಬೇಕು. ಈಗ ಇರೋದು ಯಾರ ನಂಬರು?"

ಗಂಡನದು ಎಂದರೆ ಮುಂದಿನ ಪ್ರಶ್ನೆ ಬರುತ್ತದೆ. ಬೆಂಚಿನ ಮೇಲೆ ಪಿಂಚಣಿಗೆಂದು ಬಂದ ರಾಮಮ್ಮ, ಪಕ್ಕದಲ್ಲಿ ಪಹಣಿಗೆ ಬಂದ ಒಬ್ಬ ಗಂಡಸು, ಇಬ್ಬರೂ ಕಿವಿ ಇತ್ತಲೇ ಕೊಟ್ಟಿದ್ದರು.

"ಮನೆಯವರದ್ದು," ಎಂದೆ.

ಅಪ್ಪ, ಅಣ್ಣ, ಮೈದುನ ಯಾರು ಬೇಕಾದರೂ ಆಗಬಹುದಾದ ಮಾತು ಎಂದು ನಾನು ಅದನ್ನು ಆರಿಸಿಕೊಂಡೆ. ಕಾಲುಂಗುರ ಹಾಕಿದ ಹೆಂಗಸಿನ ಬಾಯಲ್ಲಿ ಅದಕ್ಕೆ ಒಂದೇ ಅರ್ಥ ಎನ್ನುವುದು ಆ ಕ್ಷಣಕ್ಕೆ ಹೊಳೆಯಲಿಲ್ಲ.

"ಅಯ್ಯ, ಅಷ್ಟೇ ಅಲ್ವಾ!" ರಶ್ಮಿತಾ ಮಾನಿಟರಿನ ಹಿಂದೆ ತಲೆ ತಗ್ಗಿಸಿದಳು. ನನ್ನದು ಹಳೆಯ ಉದ್ದನೆಯ ಆಧಾರ್ ಕಾಗದ. ಬೇರೆಯವರು ಕೆಳಗಿನ ತುಂಡನ್ನಷ್ಟೇ ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ನಾನು ಇಡೀ ಹಾಳೆಯನ್ನು ಲ್ಯಾಮಿನೇಟ್ ಮಾಡಿಸಿದ್ದೆ. ಮೇಲ್ಭಾಗದಲ್ಲಿ, ವಿಳಾಸದ ಕೆಳಗೆ, ಅವನ ನಂಬರು ಪೂರ್ತಿಯಾಗಿ ಅಚ್ಚಾಗಿತ್ತು. ಅವಳು ಮಾಡುತ್ತಿದ್ದುದೇನೆಂದು ತಿಳಿಯುವ ಹೊತ್ತಿಗೆ ಸ್ಪೀಕರಿನಲ್ಲಿ ರಿಂಗಾಗುತ್ತಿತ್ತು.

"ಹಲೋ ಸರ್, ನಿಮ್ಮ ಮಿಸೆಸ್ಸು ವಿನುತಾ ಅವರ ಒಟಿಪಿ ಬಂದಿರ್ತದೆ, ಸ್ವಲ್ಪ ಹೇಳಿ."

ಆಚೆಯಿಂದ ಬಂದ ದನಿಯಲ್ಲಿ ಬೆಲ್ಲ ಸುರಿಯುತ್ತಿತ್ತು. "ಬಂದೈತಮ್ಮ, ಬಂದೈತೆ. ನೀನೆಲ್ಲಿಂದ ಮಾತಾಡ್ತಿರೋದು?"

"ನಾಪೋಕ್ಲು ಸರ್."

"ಒಳ್ಳೇದಾಯ್ತು. ಅವಳ ಅಡ್ರೆಸ್ ಏನಂತ ಹಾಕಿದ್ದೀಯ, ಒಂದ್ಸಲ ಓದಮ್ಮ. ಬರೀ ತಪ್ಪು ಬರೆಸ್ತಾಳೆ ಅವಳು. ನೋಡ್ಬುಟ್ಟು ನಂಬರ್ ಹೇಳ್ತೀನಿ."

ರಶ್ಮಿತಾ ನಗುತ್ತಾ ಪರದೆ ನೋಡಿದಳು. "ಕೇರಾಫ್ ಅಪ್ಪ..."

ನಾನು ಕೌಂಟರಿನ ಮೇಲೆ ಬಗ್ಗಿ ಮೊಬೈಲು ಕಿತ್ತುಕೊಂಡು ಕಟ್ ಮಾಡಿದೆ.

"ಎಂತ ಅಕ್ಕ ಇದು! ಕೊಡಿ ನನ್ನ ಮೊಬೈಲು!"

"ಯಾರನ್ನ ಕೇಳಿ ಫೋನ್ ಮಾಡಿದ್ರಿ?"

"ನೀವೇ ಅಲ್ವಾ ಮನೆಯವರು ಅಂದಿದ್ದು? ಗಂಡನಿಗೆ ಫೋನ್ ಮಾಡೋಕೂ ಪರ್ಮಿಷನ್ ಬೇಕಾ?"

"ಗಂಡನಿಗೆ ಗೊತ್ತಿಲ್ದೆ ಬಂದ ಗಿರಾಕಿ," ಎಂದು ಬೆಂಚಿನ ಗಂಡಸು ಹಲ್ಲು ಬಿಟ್ಟ.

"ಓದಿದವ್ರು ಹಿಂಗೇ ಕಣಪ್ಪ," ರಾಮಮ್ಮ ಎಲೆ ಅಡಿಕೆ ಮೆಲ್ಲುತ್ತಾ ಹೇಳಿದಳು. "ಮನೇಲಿ ಮುಗಿಸೋ ಜಗಳಾನ ಅಂಗಡಿಗೆ ತರೋದು."

ಮೊಬೈಲು ನನ್ನ ಕೈಯಲ್ಲೇ ಮತ್ತೆ ಬಡಿದುಕೊಂಡಿತು. ನಿಲ್ಲಿಸಲು ಹೋಗಿ ಎತ್ತಿಬಿಟ್ಟೆ. ಸ್ಪೀಕರ್ ಹಾಗೇ ಇತ್ತು.

"ಕಟ್ ಮಾಡ್ತೀಯೇನೇ? ಮಡಿಕೇರಿಲೇ ಇದೀನಿ ಕಣೇ, ಈಗ ತಾನೇ ಲೋಡ್ ಇಳಿಸ್ದೆ. ನಾಪೋಕ್ಲು ಏನ್ ಬೆಂಗಳೂರಾ? ಒಂದ್ ರೌಂಡ್ ಹೊಡದ್ರೆ ಸಿಗ್ತೀಯ. ಈ ಸಲ ಬೀಗದ ಕೈನ ಹಮಾಲಿ ಕೈಗೆ ಕೊಡಾಕಿಲ್ಲ."

ಅವನೇ ಕಟ್ ಮಾಡಿದ. ರಾಮಮ್ಮ ಮೆಲ್ಲುವುದನ್ನು ನಿಲ್ಲಿಸಿದಳು. ಗಂಡಸು ಹೊರಗೆ ರಸ್ತೆ ನೋಡತೊಡಗಿದ.

"ನನಗೆ ಹೇಗೆ ಗೊತ್ತಾಗ್ಬೇಕು?" ರಶ್ಮಿತಾಳ ದನಿ ಇಳಿದಿತ್ತು, ಸಿಟ್ಟು ಇಳಿದಿರಲಿಲ್ಲ. "ನೀವು ಮೊದ್ಲೇ ಹೇಳ್ಬೇಕಿತ್ತು."

"ಏನಂತ? ನನ್ನ ಗಂಡ ನನ್ನನ್ನ ಗೋದಾಮಿಗೆ ಹಾಕಿ ಬೀಗ ಹಾಕಿದ್ದ ಅಂತ, ಇವರೆಲ್ಲರ ಎದುರು?"

ಹೇಳಿ ಆಗಿತ್ತು. ಇನ್ನು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ.

"ಆ ವಿಳಾಸ ಡಿಲೀಟ್ ಮಾಡಿ. ನನ್ನೆದುರೇ."

ಅವಳು ಕೀಲಿಗಳನ್ನು ಕುಟ್ಟುತ್ತಾ ಅಳಿಸಿದಳು. "ಅವ್ರು ಬಂದು ಗಲಾಟೆ ಮಾಡಿದ್ರೆ ಹಾಳಾಗೋದು ನನ್ನ ಅಂಗಡಿ."

"ಬಂದು ಕೇಳಿದರೆ ಏನು ಹೇಳ್ತೀರಿ?"

"ಎಂತದೋ ಹೇಳ್ತೇನೆ. ನೀವು ಮೊದ್ಲು ಇಲ್ಲಿಂದ ಹೋಗಿ."

ಅವಳು ಹೇಳಿಬಿಡುವುದಿಲ್ಲ ಎಂದು ನಂಬಲು ನನಗೆ ಕಾರಣವಿರಲಿಲ್ಲ. ಅವಳ ಮೊಬೈಲನ್ನು ಕೌಂಟರಿನ ಮೇಲಿಟ್ಟು, ಕಾರ್ಡು ಎತ್ತಿಕೊಂಡು, ರಸ್ತೆಗಿಳಿದು ಯೋಚಿಸಿದೆ. ತೋಟಕ್ಕೆ ಹೋದರೆ, ಬಾಗಿಲು ಹಾಕಿಕೊಂಡು ಅವನು ಬರುವುದನ್ನು ಕಾಯಬೇಕು. ಬೇರೆ ಊರಿಗೆ ಓಡಿದರೆ, ಅಲ್ಲಿಯೂ ಯಾರೋ ಒಬ್ಬರು ಇದೇ ಕಾರ್ಡು ಕೇಳುತ್ತಾರೆ, ಇದೇ ನಂಬರಿಗೆ ಸುದ್ದಿ ಹೋಗುತ್ತದೆ. ಅವನು ಮಡಿಕೇರಿಯಿಂದ ಇಲ್ಲಿಗೆ ಬರುತ್ತಿದ್ದಾನೆ. ಹಾಗಾದರೆ ಅವನು ಇಲ್ಲದ ಊರು ಈಗ ಮಡಿಕೇರಿಯೇ, ನಂಬರು ಬದಲಾಯಿಸುವುದೂ ಅಲ್ಲೇ.

ಮಡಿಕೇರಿ ಬಸ್ಸು ಹೊರಡುತ್ತಿತ್ತು. ಹತ್ತಿ ಎಡಗಡೆ ಕೂತೆ, ಎದುರಿನಿಂದ ಬರುವವರಿಗೆ ಕಾಣಿಸದ ಕಡೆ. ಮೂರ್ನಾಡಿಗೆ ಮುಂಚಿನ ತಿರುವಿನಲ್ಲಿ ಬಸ್ಸು ನಿಂತಿತು. ಎದುರಿನ ಪಿಕಪ್ ಹಿಂದೆ ಸರಿಯಲು ಒಪ್ಪದೆ ಹಾರ್ನ್ ಬಾರಿಸುತ್ತಿತ್ತು.

"ರಸ್ತೆ ನಿನ್ನಪ್ಪಂದಾ?" ಎಂದು ನಮ್ಮ ಡ್ರೈವರ್ ಕೂಗಿದ.

"ನಿಮ್ಮಪ್ಪಂದಾ? ತೆಗಿಯಲೇ, ಅರ್ಜೆಂಟ್ ಐತೆ!"

ಆ ದನಿ ಯಾರದೆಂದು ತಿಳಿಯಲು ಮುಖ ನೋಡುವ ಅಗತ್ಯವಿರಲಿಲ್ಲ. ಸೀಟಿನ ಕಂಬಿ ಹಿಡಿದು ತಲೆ ಬಗ್ಗಿಸಿದೆ. ಪಿಕಪ್ ಬಸ್ಸಿನ ಮೈಗೆ ತಾಗುವಷ್ಟು ಹತ್ತಿರದಲ್ಲಿ ಹಾದುಹೋಯಿತು, ಖಾಲಿ ಗೋಣಿಗಳ ಶುಂಠಿ ವಾಸನೆ ಕಿಟಕಿಯಿಂದ ಒಳಗೆ ಬಂತು.

ಮಡಿಕೇರಿಯ ಆಧಾರ್ ಕೇಂದ್ರದಲ್ಲಿ ಟೋಕನ್ ಮುಗಿದಿತ್ತು. ನಾಳೆ ಬನ್ನಿ ಎಂದರು. ಆಗುವುದಿಲ್ಲ ಎಂದೆ. ಹಾಗಾದರೆ ನಿಂತಿರಿ ಎಂದರು, ನಿಂತೆ. ಕೊನೆಗೆ ಕರೆದ ಆಪರೇಟರ್ ನನ್ನ ಮುಖ ನೋಡದೆ ಬೆರಳಿನ ಯಂತ್ರವನ್ನು ಮುಂದೆ ತಳ್ಳಿದ. ಬೆರಳು ಒಪ್ಪಿತು.

"ಹೊಸ ನಂಬರ್?"

ಬಗ್ಗಿ, ಅವನಿಗಷ್ಟೇ ಕೇಳಿಸುವಂತೆ ಹೇಳಿದೆ. ಅವನು ಟೈಪ್ ಮಾಡಿ, ಸರಿಯಿದೆಯೇ ಎಂದು ನೋಡಲು, ಇಡೀ ಕೋಣೆಗೆ ಕೇಳಿಸುವಂತೆ ಒಂದೊಂದೇ ಅಂಕಿಯನ್ನು ಕೂಗತೊಡಗಿದ.

"ಮೆಲ್ಲಗೆ ಹೇಳಿ," ಎಂದೆ.

"ಯಾಕ್ ಮೇಡಮ್, ಏನ್ ಸೀಕ್ರೆಟ್ಟಾ?"

ಹಿಂದಿದ್ದವರು ನಕ್ಕರು. ನಾನು ತಿರುಗಿ ಅವರನ್ನು ಒಬ್ಬೊಬ್ಬರನ್ನಾಗಿ ನೋಡಿದೆ.

"ಹೌದು," ಎಂದೆ. "ಸೀಕ್ರೆಟ್ಟೇ. ಬಾಯಿ ಮುಚ್ಚಿಕೊಂಡು ಟೈಪ್ ಮಾಡಿ."