ಗಿಂಡಿಯಲ್ಲಿ ತುಂಗೆ

ಚೆಂಡೆಗೆ ಪೆಟ್ಟು ಬೀಳುವ ಹೊತ್ತಾಗಿತ್ತು, ವಾಮನನೇ ಬಂದಿರಲಿಲ್ಲ.

ಬಸರೀಕಟ್ಟೆಯ ಮೈದಾನದ ಶಾಮಿಯಾನದಲ್ಲಿ ಆ ಮಧ್ಯಾಹ್ನ ಕಾಲಿಡಲು ಜಾಗವಿರಲಿಲ್ಲ. ಎರಡು ಸಾವಿರದ ಎಂಟರ ಮೇ ತಿಂಗಳು, ಚುನಾವಣೆಗೆ ಒಂದೇ ವಾರ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕು ಸೇರಿದ ಕ್ಷೇತ್ರಕ್ಕೆ ಪಕ್ಷೇತರರಾಗಿ ನಿಂತಿದ್ದ ಕಾಫಿ ಸಾವ್ಕಾರ ವಿಘ್ನೇಶರಾಯರು ಭಾಷಣದ ಬದಲು ತಾಳಮದ್ದಳೆ ಇಡಿಸಿದ್ದರು. ಪ್ರಸಂಗ ಬಲಿ-ವಾಮನ. ಬಲಿ ಚಕ್ರವರ್ತಿಯ ಅರ್ಥ ಹೇಳುವವರು ಸ್ವತಃ ರಾಯರೇ. ದಾನಶೂರ ಎಂಬ ಮಾತು ಓಟು ಹಾಕುವ ದಿನದವರೆಗೂ ಜನರ ಕಿವಿಯಲ್ಲಿ ಉಳಿಯಲಿ ಎಂಬ ಲೆಕ್ಕಾಚಾರ. ವೇಷ, ಬಣ್ಣ, ಕುಣಿತ ಯಾವುದೂ ಇಲ್ಲದ ಕಲೆ ಅದು. ಕೂತಲ್ಲೇ ಕೂತು, ಭಾಗವತರ ಪದಕ್ಕೆ ಆ ಕ್ಷಣಕ್ಕೆ ಹೊಳೆದ ಮಾತಿನಲ್ಲೇ ಪಾತ್ರ ಕಟ್ಟಬೇಕು. ಬರಿಯ ಮಾತು ಸಾಲದೆಂದು ರಾಯರು ಶೃಂಗೇರಿಯಿಂದ ಗಿಂಡಿಯ ತುಂಬ ತುಂಗೆಯ ನೀರನ್ನೂ ತರಿಸಿದ್ದರು. ಧಾರೆ ಎರೆಯುವ ಘಟ್ಟದಲ್ಲಿ ನಿಜವಾದ ನೀರೇ ಬಿದ್ದರೆ ಕ್ಯಾಮೆರಾಕ್ಕೆ ಚೆನ್ನ.

ಕ್ಯಾಮೆರಾದವನು ಕೊಪ್ಪದ ಕೇಬಲ್ ಟಿವಿಯ ಅಬ್ದುಲ್ ವಹಾಬ್. ಒಂದೊಂದು ಕ್ಯಾಸೆಟ್ ತುಂಬಿದ ಹಾಗೆಲ್ಲ ಜೀಪು ಅದನ್ನು ಹೊತ್ತು ಓಡಬೇಕು, ಸಂಜೆಯೊಳಗೆ ಮೂರೂ ಊರಿನ ಟಿವಿಗಳಲ್ಲಿ ಬರಬೇಕು ಎಂದು ರಾಯರೇ ಗೊತ್ತುಮಾಡಿದ್ದರು.

ಭಾಗವತ ದತ್ತಮೂರ್ತಿಗಳು ಜಾಗಟೆ ಕೆಳಗಿಟ್ಟು ಹಿಂದಕ್ಕೆ ತಿರುಗಿದರು. ಮದ್ದಳೆಯವರ ಬೆನ್ನಿಗೆ ಎಂದಿನಂತೆ ಸೆರಗು ಹೊದ್ದು ಕೂತಿದ್ದಳು ಅವರ ತಂಗಿ ಅಂಬುಜಾಕ್ಷಿ.

"ಅಂಬು, ಏಳು. ವಾಮನಕ್ಕೆ ನೀನೇ ಕೂತ್ಕ."

"ನಾನಾ? ಎಂತ ಅಣ್ಣಾ ನೀನು! ಶೆಟ್ಟಿಕೊಪ್ಪದ ಗಣಪತಿ ಭಟ್ರು ಎಲ್ಲಿ?"

"ಅವನ ಗಂಟಲು ಕಟ್ಟಿದೆ ಮಾರಾಯ್ತಿ. ಈ ರಾಯರದ್ದೇ ಪ್ರಚಾರದ ಜೀಪಲ್ಲಿ ಮೈಕ್ ಹಿಡಿದು ಕೂಗೀ ಕೂಗೀ, ಈಗ ಫೋನ್ ಮಾಡಿದ್ರೆ ಬರೀ ಉಸಿರು ಕೇಳ್ತದೆ."

ತೊಟ್ಟಿಲಲ್ಲಿದ್ದಾಗಿನಿಂದ ಪದ ಕೇಳಿ ಬೆಳೆದವಳು ಅಂಬುಜಾಕ್ಷಿ. ಶೃಂಗೇರಿಯ ಹೆಂಗಸರ ಕೂಟದಲ್ಲಿ ಒಂದೆರಡು ಸಲ ಸಖಿಯ ಅರ್ಥ ಹೇಳಿದ್ದುಂಟು. ಅದೂ ನಾಲ್ಕು ಮಾತಾಡಿ ಬಾಯಿ ಒಣಗಿ ನೀರು ಕೇಳಿದ್ದಳು. ಈಗ ಕೂರಬೇಕಾದದ್ದು ಯಾರ ಮುಂದೆ? ತನ್ನ ಸಾವ್ಕಾರರ ಮುಂದೆ!

ರಾಯರ ತೋಟದ ತೊಟ್ಟಿಲಮನೆ ಅವಳ ಸುಪರ್ದಿಯಲ್ಲಿತ್ತು. ತಾಯಂದಿರು ತೋಟದಲ್ಲಿ ದುಡಿಯುವಷ್ಟು ಹೊತ್ತು ಅವರ ಮಕ್ಕಳನ್ನು ಅಲ್ಲಿ ಮಲಗಿಸಿ, ಉಣಿಸಿ, ಪದ ಹೇಳಿ ತೂಗುವುದು ಅವಳ ಕೆಲಸ. ಹೋದ ವಾರ ರಾಯರು ಮೇಸ್ತ್ರಿಯ ಕೈಯಲ್ಲಿ ಹೇಳಿ ಕಳಿಸಿದ್ದರು: ಈ ತಿಂಗಳ ಕೊನೆಗೆ ತೊಟ್ಟಿಲಮನೆಗೆ ಬೀಗ. ಕೊಪ್ಪದ ಸಭೆಯಲ್ಲಂತೂ ಮುಚ್ಚುಮರೆಯಿಲ್ಲದೆ ಅಂದಿದ್ದರು, ಕನಿಷ್ಠ ಕೂಲಿ, ಹೆರಿಗೆ ರಜೆ, ತೊಟ್ಟಿಲಮನೆ ಎಲ್ಲ ಸರ್ಕಾರದ ಕಾಟ, ನನ್ನನ್ನು ಗೆಲ್ಲಿಸಿ, ಆ ಕಾನೂನನ್ನೆಲ್ಲ ಬುಡಸಮೇತ ಕೀಳಿಸ್ತೇನೆ ಎಂದು. ತೋಟಗಾರರು ಚಪ್ಪಾಳೆ ತಟ್ಟಿದ್ದರು. ಮಾರನೆಯ ಬೆಳಿಗ್ಗೆ ಕಾಫಿ ಕಣದಲ್ಲಿ ದುಡಿಯುವ ಜಹೀರಾ ಮಗಳು ಮುಬಶಿರಾಳನ್ನು ಅಂಬುಜಾಕ್ಷಿಯ ಮಡಿಲಿಗೆ ಹಾಕುತ್ತ ಕೇಳಿದ್ದಳು: "ಇನ್ನು ಮಗೂನ ಗಿಡದ ಬುಡದಲ್ಲಿ ಮಲಗಿಸ್ಬೇಕಾ ಅಕ್ಕಾ? ಮಳೆ ಹಿಡೀತದೆ, ಜಿಗಣೆ, ಹಾವು..." ಈಗ ಅದೇ ಜಹೀರಾ ಹೆಂಗಸರ ಸಾಲಿನಲ್ಲಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಕೂತಿದ್ದಳು.

ರಾಯರಿಗೆ ಸುದ್ದಿ ಮುಟ್ಟಿತು. ಅವರು ಜರಿ ಶಲ್ಯ ಕೊಡವಿ ನಕ್ಕರು.

"ಓಹೋ, ನಮ್ಮ ತೊಟ್ಟಿಲಮನೆ ಅಂಬುಜಾಕ್ಷಮ್ಮನಾ? ಬರ್ಲಿ ಬರ್ಲಿ! ವಾಮನ ಅಂದ್ರೆ ಹೇಗೂ ಕುಳ್ಳ. ಹೆಂಗಸರ ಓಟೂ ಬೀಳ್ತದೆ, ಅಲ್ವಾ ವಕೀಲ್ರೇ?"

ವಕೀಲರೆಂದರೆ ನರಸಿಂಹರಾಜಪುರದ ಭೈರಪ್ಪ; ರಾಯರ ಚುನಾವಣಾ ಏಜೆಂಟ್. ಅರ್ಥ ಹೇಳುವ ಹುಚ್ಚು ಅವರಿಗೂ ಇದ್ದುದರಿಂದ ಬಲಿಯ ಗುರು ಶುಕ್ರಾಚಾರ್ಯನ ಪಾತ್ರ ಅವರದು. "ಬೀಳ್ತದೆ, ಬೀಳ್ತದೆ," ಎಂದರು.

ಅಂಬುಜಾಕ್ಷಿ ಎದ್ದಳು. ಕೂರುವ ಮುಂಚೆ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅಪ್ಪ ಹೇಳುತ್ತಿದ್ದ ಮಾತು ನೆನಪಾಯಿತು: ಅರ್ಥಕ್ಕೆ ಕೂತವರು ಮನೆಯ ಜಗಳವನ್ನು ಚಾಪೆಯ ಕೆಳಗೆ ಇಟ್ಟು ಕೂರಬೇಕು. ದೇವರ ಬಾಯಲ್ಲಿ ತನ್ನ ಕಷ್ಟ ಹೇಳಿಸಿದರೆ ಅಪಚಾರ. ಆದ್ದರಿಂದ ತೊಟ್ಟಿಲಮನೆಯ ಮಾತು ಎತ್ತುವುದಿಲ್ಲ ಎಂದು ಶಾರದೆಯನ್ನು ನೆನೆದು ಗಟ್ಟಿಮಾಡಿಕೊಂಡಳು.

ಆದರೆ ಎತ್ತಿದವರು ಬಲಿ ಚಕ್ರವರ್ತಿಗಳೇ!

ಪೀಠಿಕೆಯಲ್ಲೇ ರಾಯರು ರಾಜ್ಯದ ವರ್ಣನೆಗೆ ತೊಡಗಿ ಎತ್ತರಕ್ಕೆ ಏರಿದರು. "ನನ್ನ ನಾಡಿನಲ್ಲಿ ಕೂಲಿಗೆ ಕಟ್ಟಳೆಯಿಲ್ಲ! ದುಡಿಯುವವನೂ ದುಡಿಸುವವನೂ ಅಣ್ಣ ತಮ್ಮಂದಿರು. ಕೊಡುವ ಕೈ ನನ್ನದು, ಕೊಳ್ಳುವ ಕೈ ಅವರದು. ಇಷ್ಟೇ ಕೊಡು ಎಂದು ಹೇಳಲು ಆ ದೇವೇಂದ್ರ ಯಾರು? ಸ್ವರ್ಗದಲ್ಲಿ ಕೂತು ಕಾನೂನು ಬರೆಯುವವನಿಗೆ ಭೂಮಿಯ ಬೆಲೆ ಗೊತ್ತೇನು?"

ಮುಂದಿನ ಕುರ್ಚಿಗಳಿಂದ ಶಿಳ್ಳೆ ಎದ್ದಿತು. ಹಿಂದೆ ಚಾಪೆಯ ಮೇಲಿದ್ದ ತೋಟದ ಜನ ಮುಖಮುಖ ನೋಡಿಕೊಂಡರು. ದತ್ತಮೂರ್ತಿಗಳ ಕಣ್ಣು ಒಮ್ಮೆ ತಂಗಿಯತ್ತ ಹೊರಳಿತು. ಮರುಕ್ಷಣ ಶ್ರುತಿ ಏರಿಸಿ ಪದ ಎತ್ತಿಯೇಬಿಟ್ಟರು.

"ಬಂದನೈ ಬಾಲವಟು ಬಲಿಯ ಬಾಗಿಲಿಗೆ,
ಅಂದದಾ ಕೊಡೆ ಹಿಡಿದು ಅಡಿಯನಳೆಯುತಲಿ..."

ಅಡಿಯನ್ನು ಅಳೆಯುತ್ತ! ಅಂಬುಜಾಕ್ಷಿಗೆ ಮೈ ಜುಮ್ಮೆಂದಿತು. ನೂರು ಸಲ ಕೇಳಿದ ಕತೆ. ಆ ಹುಡುಗ ಯಾಕೆ ಅಡಿಯನ್ನೇ ಕೇಳಿದ ಎಂದು ಈವರೆಗೆ ಯೋಚಿಸಿಯೇ ಇರಲಿಲ್ಲ. ರಾಯರು ಕೂಲಿಯ ಮಾತನ್ನು ಬಲಿಯ ಯಾಗಶಾಲೆಗೆ ತಂದಾಗಿದೆ, ಯಾಗಶಾಲೆಯಲ್ಲೇ ಉತ್ತರ ಸಿಗಬೇಕು. ಅದು ಅಪಚಾರವಲ್ಲ, ಆಟದ ಧರ್ಮ.

"ಬಾ ವಟುವೇ," ಎಂದರು ರಾಯರು. "ಆನೆ ಬೇಕೆ, ಕುದುರೆ ಬೇಕೆ, ಚಿನ್ನ ಬೇಕೆ? ಬಾಯಿಬಿಟ್ಟು ಕೇಳು. ಬಲಿ ಇಲ್ಲವೆಂದವನಲ್ಲ."

"ಗೊತ್ತು ಚಕ್ರವರ್ತಿ," ಎಂದಳು. ಮೊದಲ ಮಾತು ನಡುಗಿತು, ಎರಡನೆಯದು ನಿಂತಿತು. "ಹಬ್ಬಕ್ಕೆ ನೀನು ಕಂಬಳಿ ಕೊಡುತ್ತೀಯೆ, ಮದುವೆಗೆ ಅಕ್ಕಿ ಕೊಡುತ್ತೀಯೆ. ಮನಸ್ಸು ಬಂದಾಗ ಬೊಗಸೆ ತುಂಬ, ಮುನಿದಾಗ ಬರಿಗೈ. ಎಲ್ಲವೂ ನಿನ್ನ ಕೈಯ ಅಳತೆ. ನಾನು ಕೇಳಲು ಬಂದದ್ದು ನನ್ನ ಕಾಲಿನ ಅಳತೆ."

"ಕಾಲಿನ ಅಳತೆಯೆ? ಹಾಗೆಂದರೆ?"

"ಇಷ್ಟಕ್ಕಿಂತ ಕಡಿಮೆಯಿಲ್ಲ ಎಂಬ ಅಳತೆ. ನೀನು ಮುನಿದರೂ ಕುಗ್ಗದ್ದು, ನಿನ್ನ ಮಗ ಪಟ್ಟಕ್ಕೆ ಬಂದರೂ ಅಳಿಸಲಾಗದ್ದು. ಕೊಡುವವನ ದೊಡ್ಡಸ್ತಿಕೆ ಬೇಡ, ದುಡಿದವನ ಹೆಜ್ಜೆಗೆ ನೆಲ ಬೇಕು. ಮೂರು ಹೆಜ್ಜೆ."

ಹಿಂದಿನ ಚಾಪೆಯಲ್ಲಿ ಯಾರೋ "ಆಹಾ!" ಎಂದರು. ಮುದುಕನೊಬ್ಬ ತೊಡೆ ತಟ್ಟಿದ. ಮುಂದಿನ ಸಾಲಿನಲ್ಲಿ ರಾಯರ ತಾಯಿ ಸುಮಿತ್ರಮ್ಮ ಜಪಮಣಿ ನಿಲ್ಲಿಸಿ ಬೆನ್ನು ನೇರಮಾಡಿದರು. ಎಂಬತ್ತು ದಾಟಿದ ಜೀವ. ಪುರಾಣ ಕೇಳುವುದೆಂದರೆ ಊಟ ಬಿಡುವವರು.

ರಾಯರಿಗೂ ಹುರುಪೇರಿತು. ಇಂಥ ಎದುರಾಳಿ ಸಿಕ್ಕರೆ ಯಾವ ಅರ್ಥಧಾರಿಗೆ ಮೈ ಬಿಸಿಯಾಗುವುದಿಲ್ಲ? "ಮೊದಲ ಹೆಜ್ಜೆ ಎಲ್ಲಿಡುತ್ತೀ?"

"ಬೆವರು ಬಿದ್ದಲ್ಲಿ. ದುಡಿದವರಿಗೆ ಧರ್ಮಶಾಸ್ತ್ರ ಗೊತ್ತುಮಾಡಿದ ಕೂಲಿ, ಕಾಸೂ ಕತ್ತರಿಸದೆ."

"ಎರಡನೆಯದು?"

"ತೊಟ್ಟಿಲು ತೂಗುವಲ್ಲಿ. ತಾಯಿ ದುಡಿಯುವಾಗ ಕೂಸು ಮಲಗುವಷ್ಟು ನೆಲ, ಅದರ ಮೇಲೊಂದು ಸೂರು."

"ಮೂರನೆಯದು?"

"ಅದನ್ನು ಈ ಎರಡು ಕೊಟ್ಟಮೇಲೆ ಕೇಳುತ್ತೇನೆ."

ಚೆಂಡೆಯವನು ತಡೆಯಲಾರದೆ ಒಂದು ಉರುಳಿಕೆ ಬಾರಿಸಿಯೇಬಿಟ್ಟ. ಭೈರಪ್ಪನವರ ಮುಖ ಬಿಳಿಚಿತು. ವಹಾಬನ ಕ್ಯಾಮೆರಾದ ಕೆಂಪು ದೀಪ ಅವರಿಗೆ ಕಂಡಿತ್ತು. ರಾಯರತ್ತ ಬಗ್ಗಿ, "ಕೊಡಬೇಡ, ಬಲೀಂದ್ರಾ! ಈ ವಟು ಸಾಮಾನ್ಯನಲ್ಲ, ನಿನ್ನ ರಾಜ್ಯವೇ ಹೋದೀತು!" ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಸಾರ್, ನಿಜವಾಗ್ಲೂ ಹೇಳ್ತಿದ್ದೇನೆ, ಬೇಡ ಸಾರ್," ಎಂದರು. ಮೈಕು ಅದನ್ನೂ ಹಿಡಿದು ಮೈದಾನಕ್ಕೆಲ್ಲ ಕೇಳಿಸಿತು.

ಜನ ಹುಚ್ಚೆದ್ದು ಚಪ್ಪಾಳೆ ತಟ್ಟಿದರು. "ಏನು ಶುಕ್ರಾಚಾರ್ಯ ಮಾರಾಯ! ಕಣ್ಣಲ್ಲಿ ನೀರೇ ಬಂತಲ್ಲ!"

ಚಪ್ಪಾಳೆ ಕೇಳಿದ ಮೇಲೆ ರಾಯರು ರಾಯರಾಗಿ ಉಳಿಯಲಿಲ್ಲ. "ಗುರುವೇ, ಬಲಿಗೆ ರಾಜ್ಯ ದೊಡ್ಡದಲ್ಲ, ಆಡಿದ ಮಾತು ದೊಡ್ಡದು!" ಎಂದು ಗರ್ಜಿಸಿ ಬಲಗೈಗೆ ತುಳಸಿ ಹಾಕಿಕೊಂಡು ಎಡಗೈಯಲ್ಲಿ ಗಿಂಡಿ ಎತ್ತಿದರು. ಅಂಬುಜಾಕ್ಷಿ ಬೊಗಸೆ ಒಡ್ಡಿದಳು.

ನೀರು ಬರಲಿಲ್ಲ.

ಗಿಂಡಿಯ ಮೂತಿಯಲ್ಲಿ ಏನೋ ಸಿಕ್ಕಿಕೊಂಡಿತ್ತು. ದಾನ ತಡೆಯಲು ಶುಕ್ರಾಚಾರ್ಯ ಗಿಂಡಿಯ ಮೂತಿಯಲ್ಲಿ ಅಡಗಿ, ವಾಮನ ದರ್ಭೆಯಿಂದ ಚುಚ್ಚಿದಾಗ ಒಂದು ಕಣ್ಣು ಕಳೆದುಕೊಂಡ ಕತೆ ಯಾರಿಗೆ ಗೊತ್ತಿಲ್ಲ? ಚಾಪೆಯ ಮೇಲಿನ ಜನವೆಲ್ಲ ಒಂದೇ ಬಾಯಲ್ಲಿ ಕೂಗಿದರು: "ಶುಕ್ರ ಕೂತಿದ್ದಾನೆ! ಚುಚ್ಚಿ, ಚುಚ್ಚಿ!" ಅಂಬುಜಾಕ್ಷಿ ಎದುರಿನ ಹೂವಿನ ಹಾರದಿಂದ ಬಾಳೆನಾರಿನ ಎಳೆಯೊಂದನ್ನು ಕಿತ್ತು ಹೊಸೆದು ಮೂತಿಗೆ ತೂರಿಸಿದಳು. ಒದ್ದೆ ತುಳಸಿ ಎಲೆಯೊಂದು ಪುಳಕ್ಕನೆ ಹೊರಬಿತ್ತು. ಅದೇ ಹೊತ್ತಿಗೆ ಭೈರಪ್ಪನವರು ಬೆವರು ಇಳಿದ ಎಡಗಣ್ಣನ್ನು ಉಜ್ಜಿಕೊಂಡರು. ನಗು ಶಾಮಿಯಾನದ ಬಟ್ಟೆಯನ್ನೇ ಎತ್ತುವಂತಿತ್ತು.

ತಣ್ಣನೆಯ ತುಂಗೆ ರಾಯರ ಅಂಗೈ ಮೇಲೆ ಇಳಿಯಿತು. ಉಪನಯನವಾದ ದಿನದಿಂದ ಅಂಗೈಗೆ ನೀರು ಬಿದ್ದಾಗಲೆಲ್ಲ ಅವರ ನಾಲಿಗೆ ಹಿಡಿದ ದಾರಿ ಒಂದೇ. ಈಗಲೂ ಅದನ್ನೇ ಹಿಡಿಯಿತು. ವಿರೋಚನನ ಮಗ ಬಲಿ ಎನ್ನಬೇಕಾದಲ್ಲಿ ಕಣ್ಣು ಮುಚ್ಚಿ, ಕಂಚಿನ ಕಂಠದಲ್ಲಿ ಹೇಳಿದರು:

"ಭಾರದ್ವಾಜ ಗೋತ್ರೋದ್ಭವಃ, ವಿಘ್ನೇಶ ಶರ್ಮಾ ಅಹಂ... ತುಭ್ಯಂ ಸಂಪ್ರದದೇ, ನ ಮಮ."

ನಿನಗೆ ಕೊಟ್ಟೆ, ಇನ್ನು ನನ್ನದಲ್ಲ. ನೀರು ಅಂಬುಜಾಕ್ಷಿಯ ಬೊಗಸೆ ತುಂಬಿ ಮೊಣಕೈಗೆ ಹರಿಯಿತು. ಭಾಗವತರ ತಾಳ ನಿಂತೇಹೋಯಿತು. ರಾಯರು ಕಣ್ಣು ತೆರೆದಾಗ ತಾನೇನಂದೆ ಎಂಬುದು ಅವರಿಗೆ ಹೊಳೆಯಿತೆಂದು ಅಂಬುಜಾಕ್ಷಿಗೆ ತಿಳಿಯಿತು. ಅವರು ಗಡಬಡಿಸಿ ಗಿಂಡಿಯನ್ನು ಕೆಳಗಿಟ್ಟರು. ಜಹೀರಾಳ ಹೆಗಲ ಮೇಲಿದ್ದ ಮುಬಶಿರಾ ಒಬ್ಬಳು ಕಿಲಕಿಲ ನಕ್ಕಳು.

ದತ್ತಮೂರ್ತಿಗಳಿಗೆ ಇನ್ನು ಬೇರೆ ದಾರಿಯಿರಲಿಲ್ಲ. ಮಂಗಳದ ಪದ ಎತ್ತಿದರು.

ಮಂಗಳ ಮುಗಿದದ್ದೇ ತಡ, ಭೈರಪ್ಪ ವಹಾಬನ ಬಳಿಗೆ ಓಡಿದರು. "ವಹಾಬ್, ಕೊನೇ ಕ್ಯಾಸೆಟ್ ಕೊಡು ಇಲ್ಲಿ!"

"ಅಯ್ಯೋ ಸಾರ್, ಜೀಪು ಆಗ್ಲೇ ಗೇಟು ದಾಟ್ತು. ತುಂಬಿದ ಕೂಡ್ಲೇ ಕಳ್ಸು ಅಂದವ್ರು ನಿಮ್ಮ ರಾಯರೇ ಅಲ್ವಾ?" ವಹಾಬ್ ವೈರು ಸುತ್ತುತ್ತ ಗಂಭೀರವಾಗಿ ಕೇಳಿದ: "ಬಲೀನ ನಾವು ಪಾತಾಳಕ್ಕೆ ಕಳ್ಸುದಾ, ಬೆಂಗಳೂರಿಗೆ ಕಳ್ಸುದಾ? ಜನ ಕೇಳ್ತಿದ್ದಾರೆ."

ಶಾಮಿಯಾನದ ಹಿಂದೆ ರಾಯರು ಅಂಬುಜಾಕ್ಷಿಯನ್ನು ತಡೆದರು. ಮುಖ ಕೆಂಪಾಗಿತ್ತು. "ಅಂಬುಜಾಕ್ಷಮ್ಮ, ಚೆನ್ನಾಗಿ ಹೇಳಿದ್ರಿ. ಆದ್ರೆ ಆಟ ಆಟವೇ. ತಿಂಗಳ ಕೊನೆಗೆ ಬೀಗ ಬೀಗವೇ. ತಿಳೀತಾ?"

ಬೊಗಸೆ ಇನ್ನೂ ಒದ್ದೆಯಾಗಿಯೇ ಇತ್ತು. ವಾಮನ ಎದ್ದುಹೋಗಿದ್ದ, ಉಳಿದವಳು ಸಂಬಳದ ಹೆಂಗಸು. ಆದರೂ ಅಂದಳು: "ಮಾತು ಆಟದ್ದು ಹೌದು, ಸಾವ್ಕಾರ್ರೇ. ನೀರು?"

"ನೀರಂತೆ ನೀರು! ಅದು ಬರೀ..."

"ವಿಘ್ನೇಶಾ."

ಸುಮಿತ್ರಮ್ಮ ಕೋಲೂರಿಕೊಂಡು ಬಂದು ನಿಂತಿದ್ದರು. ಹಿಂದೆ ಜಹೀರಾ, ಅವಳ ಹಿಂದೆ ತೋಟದ ಹೆಂಗಸರ ದಂಡು.

"ಅಮ್ಮಾ, ನೀನು ಕಾರಲ್ಲಿ ಕೂರು."

"ಕೂರ್ತೆ. ತುಂಗೆ ನೀರಿಗೆ ತುಳಸಿ ಹಾಕಿ, ಅಪ್ಪನ ಗೋತ್ರ ಹೇಳಿ, ನಂದಲ್ಲ ಅಂದ್ಯಲ್ಲ ಮಾಣಿ. ಅದು ಬಲಿ ಹೇಳಿದ್ದಲ್ಲ, ನೀನು ಹೇಳಿದ್ದು. ನಾ ಕೇಳಿದ್ದೆ."

"ಬಾಯ್ತಪ್ಪಿ ಬಂತು ಅಮ್ಮಾ!"

"ಬಾಯಿ ತಪ್ಪಿರ್ಲಿ. ನೀರು ತಪ್ಪಿ ಬೀಳಲ್ಲ." ಮುದುಕಿಯ ದನಿ ಏರಲಿಲ್ಲ, ಇಳಿಯಲೂ ಇಲ್ಲ. "ಎರೆದ ಧಾರೆ ವಾಪಸ್ ತಗೊಂಡ ಮನೇಲಿ ನಾನು ಗುಟುಕು ನೀರು ಮುಟ್ಟೂದಿಲ್ಲ. ಮುಂದಿದ್ದು ನಿಂಗೆ ಬಿಟ್ಟದ್ದು."

ರಾಯರು ಸುತ್ತ ನೋಡಿದರು. ತಮ್ಮ ಪರವಾಗಿ ಒಂದು ಮಾತಾಡುವವರು ಯಾರೂ ಇರಲಿಲ್ಲ. ಭೈರಪ್ಪ ಕಣ್ಣುಜ್ಜುತ್ತಲೇ ಇದ್ದರು.

ಅಂದು ಸಂಜೆ ಕೊಪ್ಪದ ಹೋಟೆಲುಗಳಲ್ಲಿ, ಶೃಂಗೇರಿಯ ಅಂಗಡಿಗಳಲ್ಲಿ, ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನಲ್ಲಿ ಟಿವಿಯ ಮುಂದೆ ಜಾತ್ರೆಯಂತೆ ಜನ. "ನ ಮಮ" ಬಂದಾಗಲೆಲ್ಲ ಕೇಕೆ. ಬಸರೀಕಟ್ಟೆಯ ದೊಡ್ಡಮನೆಯಲ್ಲಿ ಮಾತ್ರ ಸುಮಿತ್ರಮ್ಮ ಚೊಂಬು ಮಗುಚಿಟ್ಟು ಜಪಕ್ಕೆ ಕೂತಿದ್ದರು.

ಬೆಳಗಾಯಿತು. ಮಂಜು ಹರಿಯುವ ಮೊದಲೇ ತೊಟ್ಟಿಲಮನೆಯ ಎದುರು ಕಾರು ನಿಂತಿತು. ಅಂಬುಜಾಕ್ಷಿ ಮುಬಶಿರಾಳನ್ನು ಎತ್ತಿಕೊಂಡು ಬಾಗಿಲಿಗೆ ಓಡಿದಳು. ಮೊದಲು ಕೋಲು ಇಳಿಯಿತು, ಆಮೇಲೆ ಸುಮಿತ್ರಮ್ಮ, ಕೊನೆಗೆ ರಾಯರು. ರಾತ್ರಿ ನಿದ್ದೆಯಿಲ್ಲದ ಮುಖ.

"ಬೀಗ ಹಾಕುದಿಲ್ಲ," ಎಂದರು ರಾಯರು, ನೆಲ ನೋಡುತ್ತ. "ಸರ್ಕಾರದ ಕೂಲಿಯೇ ಈ ವಾರದಿಂದ. ಮೇಸ್ತ್ರಿಗೆ ಹೇಳಿಯಾಯ್ತು." ಆಮೇಲೆ, ತಡೆಯಲಾರದ ಹಳೆಯ ಅರ್ಥಧಾರಿಯ ಚಪಲದಿಂದ, "ಅದಿರ್ಲಿ, ಆ ಮೂರನೇದು ಎಂತ ಅಂತ ನೀವು ಹೇಳ್ಲೇ ಇಲ್ಲ," ಎಂದರು.

"ಅದು ನಂಗೂ ಹೊಳೆದಿರ್ಲಿಲ್ಲ, ಸಾವ್ಕಾರ್ರೇ. ಬನ್ನಿ, ಒಳಗೆ ಬನ್ನಿ."

ತೊಟ್ಟಿಲಮನೆಯ ಬಾಗಿಲು ಗಿಡ್ಡ. ರಾಯರು ಈವರೆಗೆ ಅದರೊಳಗೆ ಕಾಲಿಟ್ಟವರಲ್ಲ. ತಲೆ ತಗ್ಗಿಸಿ ಹೊಸ್ತಿಲು ದಾಟುವಾಗ ಅಂಬುಜಾಕ್ಷಿಯ ಸೊಂಟದ ಮೇಲಿದ್ದ ಮುಬಶಿರಾ ಖುಷಿಯಿಂದ ಕಾಲು ಬೀಸಿದಳು. ಪುಟ್ಟ ಪಾದ ಸರಿಯಾಗಿ ಅವರ ನೆತ್ತಿಯ ಮೇಲೆ ಕೂತಿತು.

ಅಂಬುಜಾಕ್ಷಿ ಗಾಬರಿಯಾಗಿ ಮಗುವಿನ ಕಾಲು ತೆಗೆಯಹೋದಳು.

"ತಡಿ ಮಗಾ," ಎಂದರು ಹೊಸ್ತಿಲಾಚೆ ನಿಂತಿದ್ದ ಸುಮಿತ್ರಮ್ಮ, ಕೋಲನ್ನು ಕಂಕುಳಿಗೆ ಸಿಕ್ಕಿಸಿ ಎರಡೂ ಕೈ ಜೋಡಿಸುತ್ತ. "ಒಂದು ಗಳಿಗೆ ಹಾಗೇ ಇರ್ಲಿ. ಆಮೇಲೆ ನಂಗೊಂದು ಲೋಟ ನೀರು ಕೊಡು."