ಗೇಟಿನ ಆಚೆಯ ಆಸ್ಪತ್ರೆ

ಊರು ಹೊಸದು, ಕೆಲಸ ಹೊಸದು, ಬಾಡಿಗೆ ಮನೆಯಲ್ಲಿ ಸಾಕುಸಾಕಾಗಿತ್ತು. ಹೆಂಡತಿಗೆ ಏಳು ತಿಂಗಳು. ಮಗು ಬರುವಷ್ಟರಲ್ಲಿ ಸ್ವಂತ ಸೂರು ಆಗಲೆಂದು ವೆಲ್ಡಿಂಗ್ ಕೆಲಸದವನು ಭಾನುವಾರ ಬಂತೆಂದರೆ ಅವಳನ್ನು ಕರೆದುಕೊಂಡು ಮನೆ ನೋಡಲು ಹೊರಡುತ್ತಿದ್ದ. ಕೊನೆಗೆ ರೈಲು ಹಳಿಯ ಆಚೆಯ ಬಡಾವಣೆಯಲ್ಲಿ ಒಂದು ಮನೆ ಮನಸ್ಸಿಗೆ ಬಂತು. ಎರಡು ಕೋಣೆ, ಒಳ್ಳೆಯ ಗಾಳಿ ಬೆಳಕು, ನಲ್ಲಿ ತಿರುಗಿಸಿದರೆ ಧಾರಾಳ ನೀರು. ಕಿಟಕಿಯ ಸರಳುಗಳನ್ನು ತಟ್ಟಿ ನೋಡಿದ, ಬೆಸುಗೆ ಗಟ್ಟಿಯಾಗಿತ್ತು. ಅಷ್ಟಕ್ಕೇ ಅವನು ಅರ್ಧ ಸೋತಿದ್ದ.

ಪಕ್ಕದ ಮನೆಯ ಹೊಲಿಗೆಯಮ್ಮ ಒಂಟಿ ಹೆಂಗಸು. ಬಸುರಿಯನ್ನು ಕಂಡು ಒಳಗೆ ಕರೆದು, ಕೂರಿಸಿ, ನೀರು ಕೊಟ್ಟಳು. ಗೋಡೆಯ ಆಚೆ ಬಹಳ ದಿನದಿಂದ ಸದ್ದಿಲ್ಲ. ಒಂದು ಮಗು ಅತ್ತರೂ ಸಾಕು ಅನಿಸುತ್ತಿತ್ತು ಅವಳಿಗೆ.

“ಮನೆ ಹೇಗಮ್ಮ?” ಎಂದು ಕೇಳಿದಳು ಹೆಂಡತಿ.

“ಮನೆಗೇನೂ ದೋಷ ಇಲ್ಲ, ಚಿನ್ನದಂಥ ಮನೆ. ಆದ್ರೆ ಮುಂಗಡ ಕೊಡೋ ಮುಂಚೆ ಕೆಲಸದ ದಿನ ಒಂದ್ಸಲ ಬನ್ನಿ. ಸಂಜೆ ಹೊತ್ತು.”

ದಾರಿಯಲ್ಲಿ ಗಂಡ ಗೊಣಗಿದ. “ಅವಳ ಕಡೆಯವರು ಯಾರೋ ಈ ಮನೆ ಮೇಲೆ ಕಣ್ಣಿಟ್ಟಿರಬೇಕು. ನಮ್ಮನ್ನ ಸಾಗಹಾಕೋಕೆ ನೋಡ್ತಿದ್ದಾಳೆ.”

“ಇರಬಹುದು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರಲ್ಲ, ಹೋಗಿ ನೋಡಿದ್ರೆ ನಮ್ಮ ಗಂಟೇನು ಹೋಗುತ್ತೆ?” ಎಂದಳು ಹೆಂಡತಿ.

ಬುಧವಾರ ಸಂಜೆ ಹೋದರು. ಬಡಾವಣೆಗೆ ಇದ್ದದ್ದು ಒಂದೇ ದಾರಿ, ಅದೂ ರೈಲ್ವೆ ಗೇಟು ದಾಟಿ. ಭಾನುವಾರ ತೆರೆದಿದ್ದ ಗೇಟು ಇವತ್ತು ಹಾಕಿತ್ತು. ಒಂದು ಗೂಡ್ಸ್ ರೈಲು ಹೋಯಿತು. ಇನ್ನೊಂದು ಬಂದು ಅಡ್ಡಲಾಗಿ ನಿಂತೇಬಿಟ್ಟಿತು. ಶಾಲೆಯ ಮಕ್ಕಳು ಚೀಲ ಕೆಳಗಿಟ್ಟು ಅದರ ಮೇಲೇ ಕೂತರು. ಹೆಂಡತಿ ಸೊಂಟ ಹಿಡಿದು ನಿಂತಳು. ಅಂಗಡಿಯಿಂದ ದಾರ, ಗುಂಡಿ ತರುತ್ತಿದ್ದ ಹೊಲಿಗೆಯಮ್ಮ ಗುಂಪಿನಲ್ಲಿ ಇವರನ್ನು ಕಂಡು ಹತ್ತಿರ ಬಂದಳು.

“ದಿನಾ ಹೀಗೇನಾ ಅಮ್ಮ?”

“ಭಾನುವಾರ ಬಿಟ್ಟು ದಿನಾ. ಅಭ್ಯಾಸ ಆಗುತ್ತೆ ಬಿಡು ಅಂತಿದ್ರು ನಮ್ಮ ಯಜಮಾನ್ರು. ಆಗಿತ್ತು ಕೂಡ.” ದಾರದ ಪೊಟ್ಟಣ ಇನ್ನೊಂದು ಕೈಗೆ ಬದಲಿಸಿಕೊಂಡಳು. “ಒಂದಿನ ಸಂಜೆ ಎದೆನೋವು ಅಂದ್ರು. ಕಾರು ಮಾಡ್ಕೊಂಡು ಬಂದ್ವಿ. ಆ ಕಡೆ ನಿಂತಿದ್ವಿ, ರೈಲು ಹೀಗೇ ಅಡ್ಡ ನಿಂತಿತ್ತು. ಅದರ ಮೇಲಿಂದ ಈ ಕಡೆ, ಅಲ್ಲಿ ಹಿಂದೆ ಇದೆಯಲ್ಲ, ಆ ಆಸ್ಪತ್ರೆ ಬೋರ್ಡು ಕಾಣ್ತಿತ್ತು. ಅವರು ಅದನ್ನೇ ನೋಡ್ತಾ, ‘ಇನ್ನೇನು ತೆಗೀತಾರೆ’ ಅಂತ ನನಗೇ ಸಮಾಧಾನ ಹೇಳಿದ್ರು. ಗೇಟು ತೆಗೆದಾಗ ಡ್ರೈವರು ಜೋರಾಗಿ ಹೊರಟ. ನಾನೇ, ನಿಧಾನಕ್ಕೆ ಹೋಗಪ್ಪ, ಇನ್ನು ಅವಸರ ಇಲ್ಲ ಅಂದೆ.”

ವೆಲ್ಡಿಂಗ್ ಕೆಲಸದವನಿಗೆ ಅವಳ ಮುಖ ನೋಡಲಾಗಲಿಲ್ಲ. “ಕೊಳ್ಳುವಾಗ ನಿಮಗೆ ಯಾರೂ ಹೇಳ್ಲಿಲ್ವಾ?” ಎಂದ.

“ನಾವೂ ಭಾನುವಾರವೇ ನೋಡಿದ್ದು. ಯಾರನ್ನೂ ಕೇಳಲಿಲ್ಲ.”

“ನಾವು ಬಂದಿದ್ರೆ ನಿಮಗೆ ಜೊತೆ ಆಗ್ತಿತ್ತು, ಅಲ್ವಾ ಅಮ್ಮ?” ಎಂದಳು ಹೆಂಡತಿ.

“ಆಗ್ತಿತ್ತು ಮಗಳೇ. ಅದಕ್ಕೇ ಅವತ್ತು ಪೂರ್ತಿ ಬಾಯಿ ಬಿಡೋಕೆ ಆಗ್ಲಿಲ್ಲ.”

ಅವರು ಕೊಂಡದ್ದು ಹಳಿಯ ಈಚೆ, ಅದಕ್ಕಿಂತ ಚಿಕ್ಕ ಮನೆ. ಬೆಳಿಗ್ಗೆ ಹೋಗಿ ನೋಡಿದರು, ಸಂಜೆ ನೋಡಿದರು, ಮಳೆಯಲ್ಲಿ ನೆನೆದುಕೊಂಡೂ ನೋಡಿದರು. ಮಗಳು ಹುಟ್ಟಿದಾಗ ಹೊಲಿಗೆಯಮ್ಮ ಪುಟ್ಟ ಅಂಗಿ ಹೊಲಿದು ತಂದಳು. ಮಗುವನ್ನು ಮಡಿಲಲ್ಲಿಟ್ಟುಕೊಂಡು ತುಂಬಾ ಹೊತ್ತು ಕೂತಳು. ಆಮೇಲೆ, ಗೇಟು ಹಾಕುವ ಹೊತ್ತಾಯಿತೆಂದು ಎದ್ದಳು. ಅವಳ ಪಕ್ಕದ ಮನೆ ಇವತ್ತಿಗೂ ಖಾಲಿ.

ಹೊಸ ಊರಿನಲ್ಲಿ ಮನೆ ಕೊಳ್ಳಲು ಹೊರಟ ಅಣ್ಣಂದಿರೇ, ಅಕ್ಕಂದಿರೇ, ಗೋಡೆ ನೋಡಿ, ನಲ್ಲಿ ನೋಡಿ, ಬೇಡ ಅನ್ನುವುದಿಲ್ಲ. ಆದರೆ ಮುಂಗಡ ಕೊಡುವ ಮೊದಲು ಕೆಲಸದ ದಿನ ಒಮ್ಮೆ ಹೋಗಿ, ಕತ್ತಲಾದ ಮೇಲೆ ಒಮ್ಮೆ ಹೋಗಿ. ಆಸ್ಪತ್ರೆಯ ದಾರಿ, ಶಾಲೆಯ ದಾರಿ ನೀವೇ ನಡೆದು ನೋಡಿ. ಅಕ್ಕಪಕ್ಕದವರ ಬಾಗಿಲು ತಟ್ಟಿ ಕೇಳಿ, ಹೇಳಲು ಹಿಂಜರಿದರೆ ಇನ್ನೊಮ್ಮೆ ಕೇಳಿ. ಹೊಲಿಗೆಯಮ್ಮನ ಯಜಮಾನರು ಕೇಳಿದ್ದರೆ, ಹೇಳುವವರು ಆಗಲೂ ಅಲ್ಲಿ ಇದ್ದರು.