ಕಾಟಾದ ಮೇಲೆ ಟೊಳ್ಳು ಕಲ್ಲು

ಹುಬ್ಬಳ್ಳಿಯ ಮೈಲಾರಪ್ಪ ಒಂದು ಯುಗಾದಿಯಂದು ಉಣಕಲ್ ಕೆರೆಯಷ್ಟು ಸಾರಾಯಿ ಕುಡಿದು, ತಲೆಯ ಮೇಲೆ ಎರಡು ಚೀಲ ಮೆಣಸಿನಕಾಯಿ ಹೊತ್ತು, ಕಣ್ಣು ಮುಚ್ಚಿ ಧಾರವಾಡದ ತನಕ ನಡೆದಿದ್ದ. ಕೆರೆಯ ಮೀನುಗಳೆಲ್ಲ ದಂಡೆಗೆ ಬಂದು ಚಪ್ಪಾಳೆ ತಟ್ಟಿದ್ದವು! ಹೀಗೆಂದು ಅವನೇ ಹೇಳುತ್ತಿದ್ದ. ಮಾರುಕಟ್ಟೆಯಲ್ಲಿ ಚೀಲ ತೂಗುತ್ತ ಇಂಥ ಮಾತಿನಿಂದ ಎಲ್ಲರನ್ನೂ ನಗಿಸುತ್ತಿದ್ದ.

ಈಗ ಅವನು ಸತ್ತೂರಿನ ಕಡೆಯ ಒಂದು ಆಸ್ಪತ್ರೆಯಲ್ಲಿ, ಕುಡಿತ ಬಿಡಿಸುವ ವಾರ್ಡಿನಲ್ಲಿದ್ದ. ಬಂದಾಗಿನ ಕೈನಡುಕ ನಿಂತಿತ್ತು. ನಾಳೆ ಮನೆಗೆ ಹೊರಡಬೇಕು. ಹೆಂಡತಿ ಫಕೀರವ್ವ ಬಟ್ಟೆಯ ಗಂಟು ಕಟ್ಟುತ್ತಿದ್ದಳು. ಅಷ್ಟರಲ್ಲಿ ವಾರ್ಡಿನ ಸಮಾಜ ಕಾರ್ಯಕರ್ತೆ ಪ್ರಭಾವತಿ ಒಂದು ಹಾಳೆ ಹಿಡಿದು ಬಂದರು. ಸೇರಿದ ದಿನ ಕೇಳಿದ್ದ ಪ್ರಶ್ನೆಗಳೇ ಅದರಲ್ಲಿದ್ದವು: ನಿದ್ದೆ ಬರುತ್ತದೆಯೇ? ಎದೆ ಹೊಡೆದುಕೊಳ್ಳುತ್ತದೆಯೇ? ಬದುಕು ಬೇಡವೆನಿಸುತ್ತದೆಯೇ?

"ಮತ್ತ ಪರೀಕ್ಷಾ ಏನ್ರಿ ಅಕ್ಕಾರ?" ಎಂದ ಮೈಲಾರಪ್ಪ. "ಜಡ್ಡು ಗಿಡ್ಡು ಏನೂ ಇಲ್ಲ ಅಂತ ಬರಕೊಳ್ರಿ. ಧಾರವಾಡದಾಗ ಕೆಎಎಸ್ ಓದೋ ಹುಡುಗ್ರಿಗೂ ಇಷ್ಟು ಮಾರ್ಕ್ಸ್ ಬಿದ್ದಿರಲಿಕ್ಕಿಲ್ಲ!"

ಪ್ರಭಾವತಿ ನಕ್ಕರು. "ಪರೀಕ್ಷಾ ನಿಮಗಲ್ರಿ, ಈ ಪ್ರಶ್ನಿಗೋಳಿಗೆ. ಇವನ್ನ ಮೊದಲ ಕುಡೀಲಾರದವರ ಸಲುವಾಗಿ ಮಾಡಿದ್ರು. ಸೆರೆ ಕುಡಿಯೂದು ಬಿಟ್ಟ ಹೊಸದಾಗ ಭಾಳ ಮಂದಿಗೆ ಕೈ ನಡಗತಾವ, ನಿದ್ದಿ ಹಾರತೈತಿ. ಅದು ಸೆರೆ ಬಿಟ್ಟ ತ್ರಾಸೋ, ಮನಸಿನ ಜಡ್ಡೋ? ಅದಕ್ಕ ನಡುಕ ನಿಂತಮ್ಯಾಲೆ ಇನ್ನೊಮ್ಮೆ ಕೇಳ್ತೇವಿ. ಆಮ್ಯಾಲೆ ಡಾಕ್ಟರು ಕುಂತು ನಿಮ್ಮ ಕೂಡ ಮಾತಾಡ್ತಾರ. ಹಾಳಿ ಹೇಳೂದು, ಡಾಕ್ಟರು ಹೇಳೂದು ಎರಡೂ ಹೊಂದಿದ್ರ ಈ ಹಾಳಿ ನಂಬಬಹುದು."

"ಬಾಯಿಲೆ ಕೇಳಿದ್ರ ಜಡ್ಡು ತಿಳೀತೈತೇನ್ರಿ? ಬೇಕಾರ ರಕ್ತ ತಗೊಳ್ರಿ, ಕೊಡಪಾನ ತುಂಬ ಕೊಡ್ತೇನಿ!"

"ಮಾರುಕಟ್ಟಿಗೆ ಹೊಸಾ ಕಾಟಾ ಬಂದ್ರ ತೂಕ ಖರೇ ಐತೋ ಇಲ್ಲೋ ಹ್ಯಾಂಗ ನೋಡ್ತೀರಿ?"

"ತೂಕ ಗೊತ್ತಿದ್ದ ಕಲ್ಲು ಇಟ್ಟು ನೋಡ್ತೇವಿ."

"ಈ ಹಾಳಿ ಕಾಟಾ, ನೀವು ಕಲ್ಲು. ಕಲ್ಲ ಟೊಳ್ಳಿದ್ರ?"

"ಟೊಳ್ಳು ಕಲ್ಲು ಇಟ್ಟಾವನ ಕೈ ಮುರೀಬೇಕ್ರಿ!" ಎಂದ ಮೈಲಾರಪ್ಪ.

"ಹಂಗಾರ ಮೊದಲ ನಿಮ್ಮ ಕೈನ ಮುರೀಬೇಕು," ಎಂದಳು ಫಕೀರವ್ವ, ಗಂಟು ಕಟ್ಟುವುದನ್ನು ಬಿಟ್ಟು. "ಅಕ್ಕಾರ, ಚೀಲ ಎಣಸೂಮುಂದ 'ಒಂದು' ಅನ್ನೂದಿಲ್ರಿ, 'ಲಾಭ' ಅಂತಾರ. ಇವರು ಲಾಭ ಅಂದ್ರ ಹಿಂದಿನ ಓಣಿಗೆ ಕೇಳ್ತಿತ್ತು. ಈಗ ವರ್ಷಾತು, ಬರೇ ಬೆರಳು ಮಡಚ್ತಾರ. ನಗಸೂದೆಲ್ಲಾ ಮಂದಿ ಮುಂದ. ಮನಿಗೆ ಬಂದ್ರ ಗ್ವಾಡಿ ನೋಡ್ಕೋತ ಕುಂಡ್ರತಾರ."

ಮೈಲಾರಪ್ಪ ಬಟ್ಟೆಯ ಗಂಟನ್ನು ಪಕ್ಕಕ್ಕೆ ಸರಿಸಿ ಕುಳಿತ.

"ನಡುಕ ಹೋತ್ರಿ ಅಕ್ಕಾರ," ಎಂದ ಕೊನೆಗೆ. "ಎದಿ ಮ್ಯಾಲಿನ ಚೀಲ ಇಳೀವಲ್ದು. ಮುಂಜಾನೆ ಏಳೂದ ಬ್ಯಾಡ, ಇರೂದ ಬ್ಯಾಡ ಅನಸ್ತೈತಿ. ಅದಕ್ಕ ಮನಿಗೆ ಹೋಗಾಕ ಅಂಜಿಕಿ."

ಪ್ರಭಾವತಿ ಪೆನ್ನು ಅವನ ಕೈಗಿತ್ತರು. "ಇದನ್ನ ಹೇಳಿದ್ದು ಭಾಳ ಛಲೋ ಆತು. ಈಗ ನೀವ ಬರೀರಿ."

ಮರುದಿನ ಅವನು ಊರಿನ ಬಸ್ಸು ಹತ್ತಲಿಲ್ಲ. ಡಾಕ್ಟರು ಅವನೊಡನೆ ಕುಳಿತು ಮಾತಾಡಿದರು. ಮನಸ್ಸಿಗೂ ಚಿಕಿತ್ಸೆ ಶುರುವಾಯಿತು. ಫಕೀರವ್ವ ಗಂಟು ಬಿಚ್ಚಿ ಬಟ್ಟೆಗಳನ್ನು ಮತ್ತೆ ಒಳಗಿಟ್ಟಳು.

ಅಕ್ಕ-ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಕುಡಿತ ಬಿಟ್ಟವರು ಇರಬಹುದು. ನಡುಕ ನಿಂತಿತೆಂದು ಸುಮ್ಮನಾಗಬೇಡಿ. ಮನಸ್ಸು ಹೇಗಿದೆ ಎಂದು ಕೇಳಿ. ಆಸ್ಪತ್ರೆಯಲ್ಲಿ ಪ್ರಶ್ನೆಯ ಹಾಳೆ ಕೊಟ್ಟರೆ ಇದ್ದದ್ದನ್ನು ಇದ್ದಂತೆ ಹೇಳಿ, ಹೆಚ್ಚೂ ಬೇಡ, ಕಡಿಮೆಯೂ ಬೇಡ. ನಿಮ್ಮ ಖರೆ ಮಾತಿನಿಂದ ಆ ಹಾಳೆಯ ತಪ್ಪು-ಒಪ್ಪು ಗೊತ್ತಾಗಿ, ನಾಳೆ ಬರುವವರ ಜಡ್ಡೂ ಸರಿಯಾಗಿ ತಿಳಿಯುತ್ತದೆ.

ಮತ್ತೆ ಆ ಉಣಕಲ್ ಕೆರೆ? ಎಷ್ಟು ಕುಡಿಯುತ್ತಿದ್ದೆ ಎಂದು ಡಾಕ್ಟರು ಕೇಳಿದಾಗ ಮೈಲಾರಪ್ಪ ತಲೆ ಕೆರೆದುಕೊಂಡ.

"ದಿನಾ ನಾಕು ಪಾಕೀಟ್ರಿ ಸಾಹೇಬ್ರ. ಧಾರವಾಡಕ್ಕ ನಡದಿಲ್ಲ, ಗಟಾರದಾಗ ಬಿದ್ದಿದ್ದೆ. ಚಪ್ಪಾಳಿ ಯಾರೂ ಹೊಡೀಲಿಲ್ಲ. ಇಕಿ ಒಬ್ಬಾಕಿನ ಬಂದು ಎಬ್ಬಿಸಿದ್ಲು."